44 ವರ್ಷ ಕಾದ ಊರು: ಜಿಲಾಂಗ್‌ನಲ್ಲಿ ಒಂದು ವಾರಾಂತ್ಯ

ಗುರುವಾರ, ಮೆಲ್ಬರ್ನ್

ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ಅಂದರೆ ನಮಗೆ ಬಾಕ್ಸಿಂಗ್ ಡೇ ಟೆಸ್ಟ್. 2020ರಲ್ಲಿ ಅಡಿಲೇಡ್‌ನಲ್ಲಿ 36 ರನ್ನಿಗೆ ಉರುಳಿದ ಭಾರತ ಮತ್ತೆ ಎದ್ದು ನಿಂತದ್ದು, ರಹಾನೆ ಸೆಂಚುರಿ ಹೊಡೆದದ್ದು ಇಲ್ಲೇ ಅಲ್ವಾ? ಮೆಲ್ಬರ್ನಿನವರನ್ನು ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ. ಅವರಿಗೆ ಇದು ಮೊದಲು 'ಫೂಟಿ' ಮೈದಾನ, ಆಮೇಲೆ ಕ್ರಿಕೆಟ್‌ನದ್ದು. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನಡೆಯುವುದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಸೆಪ್ಟೆಂಬರ್ ಕೊನೆಯಲ್ಲಿ ಗ್ರ್ಯಾಂಡ್ ಫೈನಲ್. ಲಕ್ಷ ಜನ ಬರುತ್ತಾರೆ. ಅದರ ಹಿಂದಿನ ದಿನ ಇಡೀ ವಿಕ್ಟೋರಿಯಾ ರಾಜ್ಯಕ್ಕೆ ಸರ್ಕಾರಿ ರಜೆ!

ಮಗಳ ಮನೆ ಮೆಲ್ಬರ್ನಿನ ಪಶ್ಚಿಮಕ್ಕಿರುವ ಟಾರ್ನೀಟ್‌ನಲ್ಲಿ. ಸಂಜೆ ವಾಕ್ ಹೋದರೆ ತೆಲುಗು, ಪಂಜಾಬಿ ಜೊತೆಗೆ ಕನ್ನಡವೂ ಕಿವಿಗೆ ಬೀಳುವ ಬಡಾವಣೆ. ಮೊಮ್ಮಗನಿಗೆ ಈ ಆಟದ ಹುಚ್ಚು. ಅವನ ತಂಡ ಜಿಲಾಂಗ್. ಅಳಿಯನ ತಂಡ ಕಾಲಿಂಗ್‌ವುಡ್. ಆಫೀಸಿನಲ್ಲಿ ಎಲ್ಲರೂ ಅದೇ ಅಂತ ಅವರೂ ಅದನ್ನೇ ಹಿಡಿದರಂತೆ. ಒಂದೇ ಮನೆಯಲ್ಲಿ ಎರಡು ಪಕ್ಷ. ಶಾಲೆಗೆ ಚಳಿಗಾಲದ ರಜೆ ಬಂದಿತ್ತು. ಜಿಲಾಂಗ್‌ಗೆ ಹೋಗಿ ಅಲ್ಲೇ ಒಂದು ಪಂದ್ಯ ನೋಡೋಣ ಅಂತ ಹೊರಟದ್ದು ಮೊಮ್ಮಗನ ಹಟಕ್ಕೆ. "ಮೊದಲು ಎಂಸಿಜಿ ನೋಡ್ಕೊಂಡು ಹೋಗಿ ಮಾವ, ಆಟ ಹುಟ್ಟಿದ ಜಾಗ ಅದು" ಅಂದರು ಅಳಿಯ.

ಮೈದಾನದ ಹೊರಗೆ ಒಂದು ಕಂಚಿನ ಪ್ರತಿಮೆ ಇದೆ. ಇಬ್ಬರು ಹುಡುಗರು ಚೆಂಡಿಗಾಗಿ ಪೈಪೋಟಿ ಮಾಡುತ್ತಿದ್ದಾರೆ, ಪಕ್ಕದಲ್ಲಿ ಅಂಪೈರ್ ನಿಂತಿದ್ದಾನೆ. ಆ ಅಂಪೈರ್ ಟಾಮ್ ವಿಲ್ಸ್. ಆ ಕಾಲದ ದೊಡ್ಡ ಕ್ರಿಕೆಟಿಗ. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ನೆ ಕೂತು ಮೈ ಬೆಳೆಸಬಾರದು, ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಅಂತ 1858ರ ಜುಲೈನಲ್ಲಿ ಪತ್ರಿಕೆಗೆ ಪತ್ರ ಬರೆದವನು. ಮುಂದಿನ ತಿಂಗಳು ಸ್ಕಾಚ್ ಕಾಲೇಜು ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಯ ಹುಡುಗರು ಇಲ್ಲೇ ಆಡಿದರು. ಒಂದೊಂದು ಕಡೆ 40 ಜನ! ಎರಡು ಗೋಲು ಹೊಡೆದವರು ಗೆದ್ದ ಹಾಗೆ ಅಂತ ಮಾತಾಗಿತ್ತು. ಮೂರು ಶನಿವಾರ ಆಡಿದರೂ ಒಂದೊಂದೇ ಗೋಲು. ಕೊನೆಗೆ ಡ್ರಾ. ಇನ್ನೊಬ್ಬ ಅಂಪೈರ್ ಜಾನ್ ಮೆಕಡಮ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರು. ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಮೆಕಡೇಮಿಯಾ ಬೀಜಕ್ಕೆ ಇರುವುದು ಇವರದೇ ಹೆಸರು.

1859ರ ಮೇ 17ರಂದು ವಿಲ್ಸ್ ಮತ್ತು ಮೂರ್ನಾಲ್ಕು ಗೆಳೆಯರು ಇಲ್ಲೇ ಹತ್ತಿರದ ಒಂದು ಹೋಟೆಲಿನಲ್ಲಿ ಕೂತು ಹತ್ತು ನಿಯಮ ಬರೆದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಹುಟ್ಟಿದ್ದು 1863ರಲ್ಲಿ. ಅದಕ್ಕಿಂತ ಇದು ಹಳೆಯದು. ವಿಲ್ಸ್ ಬಾಲ್ಯ ಕಳೆದದ್ದು ವಿಕ್ಟೋರಿಯಾದ ಪಶ್ಚಿಮದಲ್ಲಿ, ಜಾಬ್‌ವುರಂಗ್ ಮೂಲನಿವಾಸಿ ಮಕ್ಕಳ ಜೊತೆ. ಅವರ ಭಾಷೆಯೂ ಅವನಿಗೆ ಬರುತ್ತಿತ್ತು. ಚರ್ಮದ ಚೆಂಡನ್ನು ಒದ್ದು, ಎಗರಿ ಹಿಡಿಯುವ 'ಮಾರ್ನ್‌ಗ್ರೂಕ್' ಎಂಬ ಆಟ ಆ ಕಡೆ ಇತ್ತು. ಅದರ ನೆರಳು ಈ ಆಟದ ಮೇಲೆ ಬಿದ್ದಿದೆಯೇ ಎಂದು ಇತಿಹಾಸಕಾರರು ಈಗಲೂ ಜಗಳವಾಡುತ್ತಾರೆ. ಲಿಖಿತ ಪುರಾವೆ ಇಲ್ಲ ಅನ್ನುವವರು ಒಂದು ಕಡೆ. ಬರೆದಿಡುವ ಹಕ್ಕು ಆಗ ಯಾರ ಕೈಲಿತ್ತು ಅನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯವರ ಮಾತಿನಲ್ಲಿ ತೂಕ ಜಾಸ್ತಿ ಅನ್ನಿಸಿತು.

ಸಂಜೆ ರೈಲಿನಲ್ಲಿ ಮೊಮ್ಮಗ ನನಗೆ ನಿಯಮ ಕಲಿಸಿದ. ಮೊಟ್ಟೆಯಾಕಾರದ ಚೆಂಡು. ಒಂದೊಂದು ಕಡೆ 18 ಜನ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ 'ಬಿಹೈಂಡ್', 1 ಅಂಕ. ಚೆಂಡು ಎಸೆಯುವ ಹಾಗಿಲ್ಲ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಮುಷ್ಟಿಯಿಂದ ಗುದ್ದಬೇಕು. ಅದು 'ಹ್ಯಾಂಡ್‌ಬಾಲ್'. ದೂರದಿಂದ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ 'ಮಾರ್ಕ್'. ಆಗ ಯಾರೂ ಮುಟ್ಟುವಂತಿಲ್ಲ, ನಿಧಾನವಾಗಿ ಗುರಿಯಿಟ್ಟು ಒದೆಯಬಹುದು. "ಆಫ್‌ಸೈಡ್?" ಅಂತ ಕೇಳಿದೆ. "ಅದೆಲ್ಲ ಇಲ್ಲ ಅಜ್ಜ" ಅಂದ. ನನಗೆ ಆಟ ಹಿಡಿಸಿತು.

ಶುಕ್ರವಾರ, ಕೊರಾಯೋ ಕೊಲ್ಲಿಯ ದಂಡೆ

ಜಿಲಾಂಗ್ ರೈಲು ಟಾರ್ನೀಟ್‌ನಲ್ಲೇ ನಿಲ್ಲುತ್ತದೆ. 2015ರಲ್ಲಿ ಹೊಸ ಹಳಿ ಬಂದ ಮೇಲೆ ಆದ ಅನುಕೂಲ. ವಿಂಡಮ್ ವೇಲ್ ದಾಟಿದರೆ ಬಯಲು. ಬಲಗಡೆ ಯೂ ಯಾಂಗ್ಸ್ ಗುಡ್ಡಗಳು ಬಯಲಿನ ಮಧ್ಯೆ ಒಂಟಿಯಾಗಿ ನಿಂತಿವೆ. ಮೆಲ್ಬರ್ನಿನಿಂದ ಜಿಲಾಂಗ್ ಸುಮಾರು 75 ಕಿಲೋಮೀಟರ್. ಈ ದೂರ ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ. ಈ ಕ್ಲಬ್‌ನ ಕಥೆ ಪೂರ್ತಿ ಇರುವುದು ಈ ದೂರದಲ್ಲೇ. ಈ ಆಟದ ದೊಡ್ಡ ಲೀಗ್ ಎಎಫ್‌ಎಲ್. ಅದರ ಹತ್ತು ಕ್ಲಬ್‌ಗಳು ವಿಕ್ಟೋರಿಯಾದಲ್ಲಿವೆ. ಒಂಬತ್ತು ಮೆಲ್ಬರ್ನಿನವು. ಹತ್ತನೆಯದು ಮಾತ್ರ ಬೇರೆ ಊರಿನದು.

ಇದು ವಾಡವುರಂಗ್ ಜನರ ನೆಲ. 1850ರ ದಶಕದಲ್ಲಿ ಬ್ಯಾಲರಾಟ್‌ನಲ್ಲಿ ಚಿನ್ನ ಸಿಕ್ಕಾಗ ಗಣಿಗೆ ಹತ್ತಿರದ ಬಂದರು ಜಿಲಾಂಗ್. ಊರಿನವರು ತಮ್ಮೂರನ್ನು 'ಪಿವಟ್' ಎಂದು ಹೆಮ್ಮೆಯಿಂದ ಕರೆದುಕೊಂಡರು. ಎಲ್ಲ ದಾರಿಗೂ ನಾವೇ ನಡುಗೂಟ ಅನ್ನುವ ಅರ್ಥದಲ್ಲಿ. ಆದರೆ ಹಡಗುಗಳು ಮೆಲ್ಬರ್ನ್ ಕಡೆಗೇ ಹೋದವು. ಗಣಿಗೆ ಮೆಲ್ಬರ್ನೇ ಹತ್ತಿರ ಎಂದು ತೋರಿಸುವ ಸುಳ್ಳು ನಕ್ಷೆಯನ್ನು ಅಲ್ಲಿನ ವ್ಯಾಪಾರಿಗಳು ಹಂಚಿದ್ದರು ಎಂಬ ಕಥೆಯನ್ನು ಇಲ್ಲಿ ಇವತ್ತಿಗೂ ಹೇಳುತ್ತಾರೆ. ಆಮೇಲೆ ಮೆಲ್ಬರ್ನಿನವರು ಈ ಊರನ್ನು 'ಸ್ಲೀಪಿ ಹಾಲೋ' ಎಂದು ಗೇಲಿ ಮಾಡಿದರು. ನಿದ್ದೆ ಹೊಡೆಯುವ ಊರು ಅಂತ. ಆ ಸಿಟ್ಟೆಲ್ಲ ಮೈದಾನದಲ್ಲಿ ಹೊರಗೆ ಬಂತು.

ಕ್ಲಬ್ ಹುಟ್ಟಿದ್ದು 1859ರ ಜುಲೈ 18. ಮೆಲ್ಬರ್ನ್ ಕ್ಲಬ್ ಬಿಟ್ಟರೆ ಎಎಫ್‌ಎಲ್‌ನಲ್ಲಿ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ. ಟಾಮ್ ವಿಲ್ಸ್ ಕೂಡ ಮುಂದೆ ಇಲ್ಲಿಗೆ ಬಂದು ಈ ತಂಡಕ್ಕೆ ಆಡಿದ. 1877ರಲ್ಲಿ ವಿಎಫ್‌ಎ ಎಂಬ ಸಂಘ ಶುರುವಾದಾಗ ಜಿಲಾಂಗ್ ಅದರಲ್ಲಿತ್ತು. ಮುಂದಿನ ವರ್ಷವೇ ಪ್ರೀಮಿಯರ್‌ಶಿಪ್, ಅಂದರೆ ಆ ವರ್ಷದ ಚಾಂಪಿಯನ್ ಪಟ್ಟ. 1878, 79, 80, 82, 83, 84, 86. ಒಂಬತ್ತು ವರ್ಷದಲ್ಲಿ ಏಳು ಸಲ! ಆಗ ತಂಡದ ಹೆಸರು 'ಪಿವಟೋನಿಯನ್ಸ್'. ಮೈಮೇಲೆ ನೀಲಿ–ಬಿಳಿ ಅಡ್ಡಪಟ್ಟೆಯ ಜರ್ಸಿ. ಬಣ್ಣ ಇವತ್ತಿಗೂ ಅದೇ.

1897ರಲ್ಲಿ ಜಿಲಾಂಗ್ ಸೇರಿ ಎಂಟು ಕ್ಲಬ್‌ಗಳು ವಿಎಫ್‌ಎಲ್ ಎಂಬ ಹೊಸ ಲೀಗ್ ಕಟ್ಟಿದವು. ಇವತ್ತಿನ ಎಎಫ್‌ಎಲ್ ಅದೇ. ಆ ಎಂಟರಲ್ಲಿ ಸೌತ್ ಮೆಲ್ಬರ್ನ್ 1982ರಲ್ಲಿ ಸಿಡ್ನಿಗೆ ಗುಳೆ ಹೋಯಿತು. ಫಿಟ್ಸ್‌ರಾಯ್ 1996ರ ನಂತರ ಬ್ರಿಸ್ಬೇನ್ ಜೊತೆ ಸೇರಿಹೋಯಿತು. ಜಿಲಾಂಗ್ ಮಾತ್ರ ಜಿಲಾಂಗ್‌ನಲ್ಲೇ ಉಳಿಯಿತು.

ಮೂರಬೂಲ್ ಬೀದಿಯ ಉಣ್ಣೆ ಮ್ಯೂಸಿಯಂಗೆ ಹೋದೆವು. 1872ರ ಉಣ್ಣೆ ಗೋದಾಮು ಅದು. ಒಂದು ಕಾಲಕ್ಕೆ ಈ ಊರಿನ ಅನ್ನ ಉಣ್ಣೆಯಿಂದ ಬರುತ್ತಿತ್ತು, ಆಮೇಲೆ ಕಾರಿನಿಂದ. ಫೋರ್ಡ್ ಕಂಪನಿ ಇಲ್ಲಿಗೆ ಬಂದದ್ದು 1925ರಲ್ಲಿ. ಅದೇ ವರ್ಷದಿಂದ ಕ್ಲಬ್‌ಗೆ ಪ್ರಾಯೋಜಕ. ಕ್ಲಬ್ ಮೊದಲ ಸಲ ವಿಎಫ್‌ಎಲ್ ಗೆದ್ದದ್ದೂ ಅದೇ ವರ್ಷ, ಫೈನಲ್‌ನಲ್ಲಿ ಕಾಲಿಂಗ್‌ವುಡ್ ಎದುರು 10 ಅಂಕಗಳಿಂದ. ಇಲ್ಲಿನ ಕಾರು ಕೆಲಸ 2016ರಲ್ಲಿ ನಿಂತುಹೋಯಿತು. ಪ್ರಾಯೋಜಕತ್ವ ಮಾತ್ರ ಮುಂದುವರಿಯಿತು.

'ಕ್ಯಾಟ್ಸ್' ಎಂಬ ಹೆಸರು ಬಂದದ್ದು 1923ರಲ್ಲಿ. ತಂಡ ಒಂದರ ಹಿಂದೆ ಒಂದು ಸೋಲುತ್ತಿತ್ತು. ಸ್ಯಾಮ್ ವೆಲ್ಸ್ ಎಂಬ ವ್ಯಂಗ್ಯಚಿತ್ರಕಾರ, ನಿಮಗೊಂದು ಕರಿಬೆಕ್ಕು ಬೇಕು, ಅದೃಷ್ಟ ಬರುತ್ತೆ ಅಂತ ಪತ್ರಿಕೆಯಲ್ಲಿ ಚಿತ್ರ ಬರೆದ. ತಂಡ ಗೆದ್ದುಬಿಟ್ಟಿತು. ನಮ್ಮಲ್ಲಿ ಕರಿಬೆಕ್ಕು ಅಡ್ಡ ಬಂದರೆ ವಾಪಸ್ ಮನೆಗೆ ಬಂದು ನೀರು ಕುಡಿದು ಹೊರಡುತ್ತೇವೆ. ಇವರು ಅದನ್ನೇ ಲಾಂಛನ ಮಾಡಿಕೊಂಡು ನೂರು ವರ್ಷ ಆಯಿತು.

ಮಧ್ಯಾಹ್ನ ಈಸ್ಟರ್ನ್ ಪಾರ್ಕ್‌ಗೆ ನಡೆದೆವು. ಇಲ್ಲಿದ್ದ ಕೊರಾಯೋ ಓವಲ್‌ನಲ್ಲಿ ಕ್ಲಬ್ ಆರು ದಶಕ ಆಡಿತ್ತು. 1941ರಲ್ಲಿ ಯುದ್ಧಕ್ಕಾಗಿ ಸೇನೆ ಆ ಮೈದಾನವನ್ನು ತೆಗೆದುಕೊಂಡಿತು. ತಂಡ ಕಾರ್ಡಿನಿಯಾ ಪಾರ್ಕ್‌ಗೆ ಹೋಯಿತು. ಮರುವರ್ಷ ಪ್ರಯಾಣಕ್ಕೇ ಕಡಿವಾಣ ಬಿತ್ತು. 1942, 43ರಲ್ಲಿ ಜಿಲಾಂಗ್ ಆಡಲೇ ಇಲ್ಲ. ಮತ್ತೆ ಈ ಕಡೆಗೆ ವಾಪಸ್ ಬರಲೂ ಇಲ್ಲ. ಮರಗಳ ನಡುವೆ ಗಾಳಿ ಜೋರಾಗಿ ಬೀಸುತ್ತಿತ್ತು. ಮಗಳು ಕಟ್ಟಿಕೊಟ್ಟಿದ್ದ ಚಪಾತಿ ಪಲ್ಯ ತಣ್ಣಗಾಗಿತ್ತು. ತಿಂದು ಎದ್ದೆವು.

ಶನಿವಾರ, ಕಾರ್ಡಿನಿಯಾ ಪಾರ್ಕ್

ಬೆಳಿಗ್ಗೆಯಿಂದಲೇ ಊರು ನೀಲಿ–ಬಿಳಿ. ಬೇಕರಿಯ ಹುಡುಗಿ, ಬಸ್ ಡ್ರೈವರ್, ನಾಯಿ ಹಿಡಿದು ಹೊರಟ ಅಜ್ಜಿ, ಎಲ್ಲರ ಕತ್ತಿನಲ್ಲೂ ಪಟ್ಟೆ ಸ್ಕಾರ್ಫ್. ನಾಯಿಗೂ ಒಂದಿತ್ತು. ಮೆಲ್ಬರ್ನಿನ ಕ್ಲಬ್‌ಗಳಿಗೆ ಈಗ ಸ್ವಂತ ಮೈದಾನದಲ್ಲಿ ಲೀಗ್ ಪಂದ್ಯ ಇಲ್ಲ, ಎಂಸಿಜಿ ಇಲ್ಲವೇ ಮೆಲ್ಬರ್ನಿನ ಇನ್ನೊಂದು ದೊಡ್ಡ ಸ್ಟೇಡಿಯಂ ಡಾಕ್‌ಲ್ಯಾಂಡ್ಸ್ ಹಂಚಿಕೊಳ್ಳಬೇಕು. ಜಿಲಾಂಗ್‌ಗೆ ಮಾತ್ರ ಮನೆ ಇದೆ. ಸೌತ್ ಜಿಲಾಂಗ್ ಸ್ಟೇಷನ್ನಿನಲ್ಲಿ ಇಳಿದು ಜನರ ಹಿಂದೆ ನಡೆದರೆ ಸಾಕು, ದಾರಿ ಕೇಳಬೇಕಿಲ್ಲ. ದೂರದಿಂದಲೇ ಲೈಟ್ ಕಂಬಗಳು ಕಾಣುತ್ತವೆ.

ಸ್ಟೇಡಿಯಂ ಸುತ್ತ ಒಂದು ಸುತ್ತು ಹಾಕಿದರೆ ಕ್ಲಬ್‌ನ ಚರಿತ್ರೆ ಓದಿದ ಹಾಗೆ. ಸ್ಟ್ಯಾಂಡ್‌ಗಳಿಗೆ ಇಟ್ಟಿರುವುದು ಆಟಗಾರರ ಹೆಸರು. ಚಾರ್ಲ್ಸ್ ಬ್ರೌನ್‌ಲೋ, ರೆಗ್ ಹಿಕಿ, 2024ರಲ್ಲಿ ಪೂರ್ತಿಯಾದ ಜೋಯೆಲ್ ಸೆಲ್‌ವುಡ್ ಸ್ಟ್ಯಾಂಡ್. ಈಗ 40 ಸಾವಿರ ಜನ ಹಿಡಿಯುತ್ತದೆ.

ಬ್ರೌನ್‌ಲೋ ಬಗ್ಗೆ ಸ್ವಲ್ಪ ಹೇಳಬೇಕು. 1880ರ ದಶಕದಲ್ಲಿ ಈ ತಂಡದ ನಾಯಕ, ಆಮೇಲೆ ದಶಕಗಳ ಕಾಲ ಕಾರ್ಯದರ್ಶಿ. 1924ರ ಜನವರಿಯಲ್ಲಿ ತೀರಿಕೊಂಡರು. ಅವರ ನೆನಪಿಗೆ ಲೀಗ್ ಒಂದು ಪದಕ ಇಟ್ಟಿತು. ವರ್ಷದ ಅತ್ಯುತ್ತಮ ಮತ್ತು ಅತಿ ಶಿಸ್ತಿನ ಆಟಗಾರನಿಗೆ ಕೊಡುವ ಬ್ರೌನ್‌ಲೋ ಮೆಡಲ್. ಯಾರಿಗೆ ಎಂದು ಅಂಪೈರ್‌ಗಳು ಪ್ರತಿ ಪಂದ್ಯದ ನಂತರ ಮತ ಹಾಕುತ್ತಾರೆ. ಇವತ್ತು ಈ ಆಟದಲ್ಲಿ ಒಬ್ಬ ಆಟಗಾರನಿಗೆ ಸಿಗಬಹುದಾದ ಅತಿ ದೊಡ್ಡ ಗೌರವ ಅದು. ಮೊದಲ ವರ್ಷ ಅದನ್ನು ಗೆದ್ದವನೂ ಜಿಲಾಂಗ್‌ನವನೇ, ಎಡ್ವರ್ಡ್ 'ಕಾರ್ಜಿ' ಗ್ರೀವ್ಸ್. ಈ ಅಡ್ಡಹೆಸರಿನಲ್ಲಿ ನಮ್ಮ ದೇಶದ ವಾಸನೆ ಇದೆ. ಆ ಕಾಲದ ಒಂದು ಸಂಗೀತ ನಾಟಕದಲ್ಲಿ ಭಾರತದ ರಾಜನ ಪಾತ್ರ ಒಂದಿತ್ತು, ಮಗುವಾಗಿದ್ದಾಗ ಆ ಪಾತ್ರದ ಹೆಸರಿನಿಂದ ಕರೆದರು, ಅದೇ ಅಂಟಿಕೊಂಡಿತು. ಗ್ರೀವ್ಸ್ 1928ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಕಾಲೇಜು ಫುಟ್‌ಬಾಲ್ ಹುಡುಗರಿಗೆ ಒದೆಯುವುದನ್ನು ಕಲಿಸಿ ಬಂದ. ಈಗ ಕ್ಲಬ್ ತನ್ನ ವರ್ಷದ ಆಟಗಾರನಿಗೆ ಕೊಡುವ ಪದಕಕ್ಕೆ ಅವನದೇ ಹೆಸರು.

ನಮ್ಮ ಸೀಟಿನ ಪಕ್ಕ ಒಬ್ಬ ಹಿರಿಯರು ಕೂತಿದ್ದರು. ಫೋರ್ಡ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊಮ್ಮಗನ ಸ್ಕಾರ್ಫ್ ನೋಡಿ ಮಾತಿಗೆ ಶುರು ಮಾಡಿದರು. ಆಮೇಲೆ ನಿಲ್ಲಿಸಲಿಲ್ಲ. ನನಗೂ ಅದೇ ಬೇಕಿತ್ತು.

"ನಾನು 1963ರ ಫೈನಲ್‌ಗೆ ಅಪ್ಪನ ಹೆಗಲ ಮೇಲೆ ಕೂತು ಹೋಗಿದ್ದೆ" ಅಂದರು. ಆ ವರ್ಷದ ತಂಡದಲ್ಲಿ ಪಾಲಿ ಫಾರ್ಮರ್ ಇದ್ದರು. ಪಶ್ಚಿಮ ಆಸ್ಟ್ರೇಲಿಯಾದಿಂದ ಬಂದ ನೂಂಗಾರ್ ಮೂಲನಿವಾಸಿ. ಅದುವರೆಗೆ ಹ್ಯಾಂಡ್‌ಬಾಲ್ ಎಂದರೆ ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ. ಅದನ್ನೇ ದಾಳಿಯ ಅಸ್ತ್ರ ಮಾಡಿದವರು ಫಾರ್ಮರ್. ಕಾರಿನ ಕಿಟಕಿಯೊಳಗೆ ಚೆಂಡು ಗುದ್ದಿ ಗುದ್ದಿ ಅಭ್ಯಾಸ ಮಾಡುತ್ತಿದ್ದರು. ಅದೇ ವರ್ಷ ಒಂದು ತಮಾಷೆಯೂ ನಡೆಯಿತು. ಇಡೀ ಸೀಸನ್‌ನಲ್ಲಿ ಫಿಟ್ಸ್‌ರಾಯ್ ಗೆದ್ದದ್ದು ಒಂದೇ ಒಂದು ಪಂದ್ಯ. ಆ ಪಂದ್ಯದಲ್ಲಿ ಸೋತವರು ಜಿಲಾಂಗ್! ಅಂಥ ತಂಡವೇ ಕೊನೆಗೆ ಹಾಥಾರ್ನ್ ಎದುರು 49 ಅಂಕಗಳಿಂದ ಗ್ರ್ಯಾಂಡ್ ಫೈನಲ್ ಗೆದ್ದಿತು.

ಅದಕ್ಕೂ ಹಿಂದೆ ರೆಗ್ ಹಿಕಿ ಕಾಲ. 1937ರಲ್ಲಿ ನಾಯಕ ಮತ್ತು ಕೋಚ್ ಎರಡೂ ಅವರೇ ಆಗಿ ಗೆದ್ದರು. 1951, 52ರಲ್ಲಿ ಕೋಚ್ ಆಗಿ ಗೆಲ್ಲಿಸಿದರು. 1952 ಮತ್ತು 53ರ ನಡುವೆ ಜಿಲಾಂಗ್ ಸತತ 23 ಪಂದ್ಯ ಗೆದ್ದದ್ದು ಇವತ್ತಿಗೂ ಲೀಗ್ ದಾಖಲೆ.

1963ರ ನಂತರ? ಹಿರಿಯರು ಕೈ ಅಲ್ಲಾಡಿಸಿದರು. 44 ವರ್ಷ ಏನೂ ಇಲ್ಲ. ಒಳ್ಳೆ ಆಟಗಾರರು ಇರಲಿಲ್ಲ ಅಂತ ಅಲ್ಲ. ಡಗ್ ವೇಡ್ ಸಾವಿರ ಗೋಲು ದಾಟಿದರು, ಆದರೆ ಕೊನೆಯ ವರ್ಷಗಳಲ್ಲಿ ಬೇರೆ ಕ್ಲಬ್‌ಗೆ ಹೋಗಿದ್ದರು. ಆಮೇಲೆ ಗ್ಯಾರಿ ಅಬ್ಲೆಟ್ ಬಂದರು. ಇಲ್ಲಿಯವರು ಅವರನ್ನು 'ಗಾಡ್' ಅಂತಲೇ ಕರೆದರು.

1989ರ ಗ್ರ್ಯಾಂಡ್ ಫೈನಲ್ ಬಗ್ಗೆ ಹಿರಿಯರು ಹೇಳುವಾಗ ಮುಂದೆ ನಡೆಯುತ್ತಿದ್ದ ಪಂದ್ಯವನ್ನೂ ಮರೆತುಬಿಟ್ಟರು. ಎದುರಾಳಿ ಹಾಥಾರ್ನ್. ಆಟ ಶುರುವಾದ ಕ್ಷಣದಲ್ಲೇ ಜಿಲಾಂಗ್‌ನ ಮಾರ್ಕ್ ಯೇಟ್ಸ್ ಓಡಿ ಬಂದು ಡರ್ಮಟ್ ಬ್ರೆರಟನ್‌ಗೆ ಗುದ್ದಿದರು. ಪಕ್ಕೆಲುಬು ಮುರಿಯಿತು. ಬ್ರೆರಟನ್ ವಾಂತಿ ಮಾಡಿಕೊಂಡು ಎದ್ದು ನಿಂತು ಗೋಲು ಹೊಡೆದರು. ಹಾಥಾರ್ನ್‌ನ ಇನ್ನೊಬ್ಬರು ಶ್ವಾಸಕೋಶಕ್ಕೆ ಪೆಟ್ಟು ಬಿದ್ದರೂ ಕೊನೆಯವರೆಗೆ ಆಡಿ ಆಸ್ಪತ್ರೆ ಸೇರಿದರು. ಅಬ್ಲೆಟ್ ಒಬ್ಬರೇ 9 ಗೋಲು. ಕೊನೆಯ ಕ್ವಾರ್ಟರ್‌ನಲ್ಲಿ, ಅಂದರೆ ಆಟದ ಕಡೆಯ ಕಾಲು ಭಾಗದಲ್ಲಿ, ಜಿಲಾಂಗ್ ಅಟ್ಟಿಸಿಕೊಂಡು ಬಂತು. ಎರಡೂ ತಂಡ 21 ಗೋಲು. ಬಿಹೈಂಡ್ ಲೆಕ್ಕದಲ್ಲಿ ಮಾತ್ರ ಹಾಥಾರ್ನ್ ಮುಂದೆ. 144ಕ್ಕೆ 138. ಆರೇ ಅಂಕ. ಫೈನಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಅಬ್ಲೆಟ್‌ಗೆ ಸಿಕ್ಕಿತು, ಸೋತ ತಂಡದವರಿಗೆ!

"ಇನ್ನೈದು ನಿಮಿಷ ಇದ್ದಿದ್ದರೆ..." ಅಂದರು ಹಿರಿಯರು. 1992ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. 1994, 1995ರಲ್ಲೂ. ಏಳು ವರ್ಷದಲ್ಲಿ ನಾಲ್ಕು. ಪ್ರಶಸ್ತಿ ಪಟ್ಟಿಯಲ್ಲಿ ಈ ವರ್ಷಗಳು ಇರುವುದಿಲ್ಲ. ಆದರೆ ಈ ಊರಿನಲ್ಲಿ ಯಾರ ಜೊತೆ ಮಾತಿಗೆ ಕೂತರೂ ಗೆದ್ದ ವರ್ಷಕ್ಕಿಂತ 1989ರ ಮಾತೇ ಜಾಸ್ತಿ. ಅಪ್ಪಂದಿರು ಮಕ್ಕಳಿಗೆ ಹೇಳಿ ಹೇಳಿ ಆಗ ಹುಟ್ಟಿಯೇ ಇರದವರಿಗೂ ಅದು ಬಾಯಿಪಾಠ. ಮೊಮ್ಮಗನೂ "ಸಿಕ್ಸ್ ಪಾಯಿಂಟ್ಸ್" ಅಂತ ತಲೆ ಅಲ್ಲಾಡಿಸಿದ.

2007ರಲ್ಲಿ ಕಟ್ಟೆ ಒಡೆಯಿತು. ಕೋಚ್ ಮಾರ್ಕ್ ಥಾಮ್ಸನ್, ನಾಯಕ ಟಾಮ್ ಹಾರ್ಲಿ. ಫೈನಲ್‌ನಲ್ಲಿ ಪೋರ್ಟ್ ಅಡಿಲೇಡ್ ವಿರುದ್ಧ 163ಕ್ಕೆ 44. ಗೆಲುವಿನ ಅಂತರ 119. ಗ್ರ್ಯಾಂಡ್ ಫೈನಲ್‌ಗಳಲ್ಲಿ ಇಷ್ಟು ದೊಡ್ಡ ಅಂತರದ ಗೆಲುವು ಇನ್ನೊಂದಿಲ್ಲ. ಆ ತಂಡದಲ್ಲಿ ಅಬ್ಲೆಟ್ ಅವರ ಇಬ್ಬರು ಮಕ್ಕಳಿದ್ದರು, ಗ್ಯಾರಿ ಜೂನಿಯರ್ ಮತ್ತು ನೇಥನ್. ಮ್ಯಾಥ್ಯೂ ಸ್ಕಾರ್ಲೆಟ್ ಇದ್ದರು, ಅವರಪ್ಪನೂ ಇಲ್ಲೇ ಆಡಿದವರು. ಅಪ್ಪ ಒಂದು ಕ್ಲಬ್‌ಗೆ ಸಾಕಷ್ಟು ಪಂದ್ಯ ಆಡಿದ್ದರೆ ಮಗನನ್ನು ಸೇರಿಸಿಕೊಳ್ಳಲು ಆ ಕ್ಲಬ್‌ಗೆ ಆದ್ಯತೆ ಕೊಡುವ ನಿಯಮ ಎಎಫ್‌ಎಲ್‌ನಲ್ಲಿದೆ. ಜಿಲಾಂಗ್‌ನಷ್ಟು ಲಾಭ ಅದರಿಂದ ಬೇರೆ ಯಾರಿಗೂ ಆಗಿಲ್ಲ ಅನ್ನಿಸುತ್ತದೆ. ವಂಶದ ಹೆಸರು ಹೇಳಿಕೊಂಡು ತಂಡ ಸೇರುವುದು ನನಗೆ ಅಷ್ಟು ರುಚಿಸುವುದಿಲ್ಲ. ಆದರೆ ಗ್ಯಾರಿ ಜೂನಿಯರ್ ಎರಡು ಬ್ರೌನ್‌ಲೋ ಗೆದ್ದಿದ್ದಾರೆ, ಒಂದು ಇಲ್ಲಿ, ಒಂದು ಗೋಲ್ಡ್ ಕೋಸ್ಟ್‌ನಲ್ಲಿ. ಅಪ್ಪನಿಗೆ ಒಂದೂ ಸಿಕ್ಕಿರಲಿಲ್ಲ.

2008ರಲ್ಲಿ ಮತ್ತೆ ಹಾಥಾರ್ನ್ ಎದುರು ಫೈನಲ್ ಸೋಲು. ಹಾಥಾರ್ನ್ ಅಧ್ಯಕ್ಷ ಜೆಫ್ ಕೆನೆಟ್, ಹಿಂದೆ ರಾಜ್ಯದ ಪ್ರೀಮಿಯರ್ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ) ಆಗಿದ್ದವರು, ನಮ್ಮನ್ನು ಸೋಲಿಸುವ ಮನೋಬಲ ಜಿಲಾಂಗ್‌ಗೆ ಇಲ್ಲ ಎಂಬರ್ಥದ ಮಾತಾಡಿದರು. ಆಮೇಲೆ ಇವೆರಡು ತಂಡ ಎದುರಾದ 11 ಪಂದ್ಯಗಳನ್ನೂ ಜಿಲಾಂಗ್ ಗೆದ್ದಿತು! ಕೆಲವನ್ನು ಕೊನೆಯ ಒದೆತದಲ್ಲಿ. 'ಕೆನೆಟ್ ಶಾಪ' ಅಂತ ಅದಕ್ಕೆ ಹೆಸರಾಯಿತು. ಮುರಿದದ್ದು 2013ರಲ್ಲಿ, ಅದೂ ಫೈನಲ್‌ಗೆ ಒಂದು ಮೆಟ್ಟಿಲು ಕೆಳಗೆ, 5 ಅಂಕಗಳಿಂದ. ಈ ಕಥೆಯನ್ನು ಹಿರಿಯರು ಎರಡು ಸಲ ಹೇಳಿದರು. ನಾನೂ ಎರಡು ಸಲ ನಕ್ಕೆ.

2009ರಲ್ಲಿ ಸೇಂಟ್ ಕಿಲ್ಡಾ ಎದುರು ಕೊನೆಯ ಕ್ವಾರ್ಟರ್‌ನಲ್ಲಿ ಸ್ಕೋರ್ ಸಮ. ಸ್ಕಾರ್ಲೆಟ್ ನೆಲದ ಮೇಲಿದ್ದ ಚೆಂಡನ್ನು ಬಗ್ಗಿ ಎತ್ತಲಿಲ್ಲ, ಕಾಲಿನ ತುದಿಯಿಂದ ಮುಂದಕ್ಕೆ ತಳ್ಳಿದರು. ಅಲ್ಲಿಂದ ಪಾಲ್ ಚಾಪ್‌ಮನ್ ಗೋಲು. 12 ಅಂಕಗಳ ಗೆಲುವು. 2011ರಲ್ಲಿ ಕ್ರಿಸ್ ಸ್ಕಾಟ್ ಕೋಚ್ ಆಗಿ ಬಂದ ಮೊದಲ ವರ್ಷವೇ ಇನ್ನೊಂದು.

ಇಷ್ಟರಲ್ಲಿ ಕಣ್ಣೆದುರಿನ ಪಂದ್ಯ ಅರ್ಧ ಮುಗಿದಿತ್ತು. ಬೇರೆ ರಾಜ್ಯದಿಂದ ಬಂದ ತಂಡ ಎದುರಾಳಿ. ಮೊದಲ ಹತ್ತು ನಿಮಿಷ ನನಗೆ ಕಂಡದ್ದು ಬರೀ ಗುಂಪು. ಆಮೇಲೆ ಒಬ್ಬ ಆಟಗಾರ ಮುಂದಿದ್ದವನ ಬೆನ್ನ ಮೇಲೆ ಮಂಡಿಯೂರಿ ಗಾಳಿಯಲ್ಲಿ ಚೆಂಡು ಹಿಡಿದ. ನನ್ನ ಬಾಯಿಂದ "ಅಬ್ಬಾ!" ಅಂತ ಹೊರಬಿತ್ತು. ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ಮೈದಾನ ಸ್ವಲ್ಪ ಕಿರಿದು, ಹಾಗಾಗಿ ಆಟ ನಮ್ಮ ಹತ್ತಿರವೇ ನಡೆಯುತ್ತಿತ್ತು. ಮೂಳೆಗೆ ಮೂಳೆ ತಾಗುವ ಸದ್ದು ಕೇಳುತ್ತಿತ್ತು. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ, ತೋಳಿಲ್ಲದ ಬನಿಯನ್ನು, ಗಿಡ್ಡ ಚಡ್ಡಿ. ಸುತ್ತ ಎಲ್ಲರೂ ಮೀಟ್ ಪೈ ಮೇಲೆ ಟೊಮೆಟೊ ಸಾಸ್ ಸುರಿದು ತಿನ್ನುತ್ತಿದ್ದರು. ನನಗೆ ಬಿಸಿ ಚಿಪ್ಸ್ ಸಿಕ್ಕಿತು. ವಿನೆಗರ್ ಹಾಕಬೇಡಿ ಅಂತ ಮೊದಲೇ ಹೇಳಿದೆ.

ಜಿಲಾಂಗ್ ಗೆದ್ದಿತು. ಕ್ಲಬ್‌ನ ಹಾಡು ಶುರುವಾಯಿತು. ಧಾಟಿ ಬಿಜೆ ಅವರ 'ಕಾರ್ಮೆನ್' ಒಪೆರಾದ್ದು, ಗೂಳಿಕಾಳಗದವನ ಹಾಡಿನದು. ಮಾತುಗಳನ್ನು ಬರೆದವರು 1963ರ ತಂಡದ ಆಟಗಾರ ಜಾನ್ ವಾಟ್ಸ್. ಹಿರಿಯರು ಎದ್ದು ನಿಂತು ಹಾಡಿದರು. ಹೊರಡುವಾಗ ಮೊಮ್ಮಗನಿಗೆ, "2022 ನೆನಪಿದೆಯಾ?" ಅಂತ ಕೇಳಿದರು. ಆಗ ಅವನು ಆರು ವರ್ಷದವನು, ಟಿವಿಯಲ್ಲಿ ನೋಡಿದ್ದ. ಸಿಡ್ನಿ ಎದುರು 81 ಅಂಕಗಳ ಗೆಲುವು. ಪಂದ್ಯಕ್ಕೆ ಮುಂಚೆ ನಾಯಕ ಸೆಲ್‌ವುಡ್, ಗ್ಯಾರಿ ಜೂನಿಯರ್ ಅವರ ಪುಟ್ಟ ಮಗನನ್ನು ಎತ್ತಿಕೊಂಡು ಮೈದಾನಕ್ಕೆ ಬಂದದ್ದು ಅವನಿಗೆ ಸ್ಕೋರಿಗಿಂತ ಚೆನ್ನಾಗಿ ನೆನಪಿದೆ. ಸೆಲ್‌ವುಡ್ 355 ಪಂದ್ಯ ಆಡಿ ಅದೇ ಗೆಲುವಿನ ಮೇಲೆ ನಿವೃತ್ತರಾದರು. ಕ್ಲಬ್‌ಗೆ ಅತಿ ಹೆಚ್ಚು ಪಂದ್ಯ ಆಡಿದ ಆ ಲೆಕ್ಕವನ್ನು ಆಮೇಲೆ ಟಾಮ್ ಹಾಕಿನ್ಸ್ 359ಕ್ಕೆ ಒಯ್ದರು.

ಭಾನುವಾರ, ವಾಪಸ್

ಬೆಳಿಗ್ಗೆ ಈಸ್ಟರ್ನ್ ಬೀಚ್. 1930ರ ದಶಕದಲ್ಲಿ ಕಟ್ಟಿದ ಈಜುಕಟ್ಟೆ ಇನ್ನೂ ಇದೆ, ಶಾರ್ಕ್ ಬಾರದ ಹಾಗೆ ಸುತ್ತುವರಿದದ್ದು. ದಂಡೆಯುದ್ದಕ್ಕೂ ಹಳೆಯ ಮರದ ಕಂಬಗಳಿಗೆ ಮನುಷ್ಯರ ರೂಪ ಕೊಟ್ಟು ಬಣ್ಣ ಬಳಿದು ನಿಲ್ಲಿಸಿದ್ದಾರೆ, ಜಾನ್ ಮಿಚೆಲ್ ಎಂಬ ಕಲಾವಿದೆಯ ಕೆಲಸ. ಚಳಿಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಮಧ್ಯಾಹ್ನ ಅಳಿಯ ಕಾರು ತಂದರು. ದಾರಿಯುದ್ದಕ್ಕೂ ಅಪ್ಪ ಮಗನ ಜಗಳ.

"2011ರಲ್ಲಿ ಇಡೀ ವರ್ಷ ನೀವು ಸೋತದ್ದು ಮೂರೇ ಪಂದ್ಯ. ಮೂರೂ ನಮ್ಮ ಕೈಲಿ. ಮೂರನೆಯದು ಗ್ರ್ಯಾಂಡ್ ಫೈನಲ್" ಅಂದ ಮೊಮ್ಮಗ.

"1930? 1953? ನಿಮ್ಮ 23 ಗೆಲುವಿನ ಸಾಲು ಮುರಿದವರು ಯಾರು? ನಾವೇ. ಆ ವರ್ಷದ ಫೈನಲ್‌ನಲ್ಲಿ ಸೋಲಿಸಿದವರೂ ನಾವೇ."

"1925, 1937, 1952, 2011ರ ಫೈನಲ್‌ನಲ್ಲಿ ಗೆದ್ದವರು ನಾವು. ನಾಲ್ಕು–ಎರಡು."

"ಒಟ್ಟು ಪ್ರೀಮಿಯರ್‌ಶಿಪ್ ನಮ್ಮದು 16, ನಿಮ್ಮದು 10."

ನಾನು ಸುಮ್ನಿರಲಿಲ್ಲ. "ವಿಎಫ್‌ಎ ಕಾಲದ ಏಳು ಸೇರಿಸಿದರೆ 17 ಆಗುತ್ತಲ್ಲ" ಅಂದೆ. ಮೊಮ್ಮಗ ಹಿಂದಿನ ಸೀಟಿನಲ್ಲಿ ಕುಣಿದುಬಿಟ್ಟ.

"ಅದನ್ನ ಲೀಗ್ ಲೆಕ್ಕಕ್ಕೇ ತಗೊಳ್ಳೋದಿಲ್ಲ ಮಾವ" ಅಂದರು ಅಳಿಯ. ಸ್ವಲ್ಪ ದೂರ ಸುಮ್ಮನೆ ಕಾರು ಓಡಿಸಿದರು. ಲಾರಾ ದಾಟಿದ ಮೇಲೆ ನೆನಪಾಯಿತು ಅಂತ ಕಾಣುತ್ತದೆ. "ಹಾಗಾದರೆ 1896ರ ವಿಎಫ್‌ಎ ನಮ್ಮದು. ನಮ್ಮದೂ 17 ಆಯ್ತು!"